ಎಣಿಸಿದ ಉಸಿರು, ಬಾಗಿದ ಬೆನ್ನು

ಆದಿಲಶಾಹಿ ಕಾಲದ ವಿಜಯಪುರ ಸೀಮೆಯಲ್ಲಿ ಸೂಫಿಗಳು ಹೆಣ್ಣುಮಕ್ಕಳಿಗಾಗಿ ಹಾಡು ಕಟ್ಟಿಕೊಟ್ಟಿದ್ದರು. ಬೀಸುವಾಗ ಹೇಳುವುದು ಚಕ್ಕಿನಾಮಾ, ನೂಲುವಾಗ ಹೇಳುವುದು ಚರಖಾನಾಮಾ. ಮದರಸಾದ ಅರಬಿಯಲ್ಲ, ದರಬಾರಿನ ಪಾರಸಿಯೂ ಅಲ್ಲ. ಅಡುಗೆಮನೆಯಲ್ಲಿ ಓಡಾಡುವ ದಖನಿ. ಬೀಸುಕಲ್ಲಿನ ಗೂಟವನ್ನು ನೆಟ್ಟಗೆ ನಿಂತ ಅಲಿಫ್ ಅಕ್ಷರಕ್ಕೆ ಹೋಲಿಸಿ, ಕಲ್ಲು ತಿರುಗಿದಂತೆಲ್ಲ ಅಲ್ಲಾಹನ ನೆನಪು ಬರುವ ಹಾಗೆ ಹೆಣೆದ ಪದಗಳು ಅವು. ವಿಜಯಪುರದ ಸೂಫಿಗಳ ಬಗ್ಗೆ 1978ರಲ್ಲಿ ದೊಡ್ಡ ಪುಸ್ತಕ ಬರೆದ ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್, ದಖ್ಖನ್ನಿನ ಹಳ್ಳಿಗಳಲ್ಲಿ ಇಸ್ಲಾಮಿನ ಭಕ್ತಿ ಬೇರೂರಿದ್ದರಲ್ಲಿ ಸೂಫಿಗಳ ಪಾಂಡಿತ್ಯದ ಗ್ರಂಥಗಳಿಗಿಂತ ಹೆಂಗಸರ ಬಾಯಲ್ಲಿ ಕೆಲಸದ ಜತೆ ಉಳಿದ ಈ ಪದಗಳ ಪಾಲು ದೊಡ್ಡದು ಎಂದು ವಾದಿಸಿದ್ದಾರೆ.

ಬೀಸುವವಳ ಮೈಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಒಂದು ಕಾಲು ಚಾಚಿ ಕೂತು ಗೂಟವನ್ನು ಮುಂದಕ್ಕೆ ನೂಕುವಾಗ ಸೊಂಟ ಬಾಗಿ ಉಸಿರು ಹೊರಬೀಳುತ್ತದೆ. ತನ್ನ ಕಡೆ ಎಳೆದುಕೊಳ್ಳುವಾಗ ಎದೆ ಬಿಚ್ಚಿಕೊಂಡು ಉಸಿರು ಒಳಬರುತ್ತದೆ. ಪದದ ಸಾಲು ಈ ಉಸಿರಿನ ಅಳತೆಗೆ ಹೊಂದಬೇಕು, ಇಲ್ಲದಿದ್ದರೆ ಕೈ ತಪ್ಪುತ್ತದೆ. ದೇವರ ಹೆಸರು, ಉಸಿರು, ದುಡಿಮೆ ಮೂರೂ ಒಂದೇ ಲಯಕ್ಕೆ ಬಂದ ಮೇಲೆ ದಣಿವು ತಡವಾಗಿ ತಿಳಿಯುತ್ತದೆ. ಗರತಿಯ ಹಾಡು ಕೇಳಿ ಬೆಳೆದ ಉತ್ತರ ಕರ್ನಾಟಕದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾರ್ಥನೆಗೂ ಆರೋಗ್ಯಕ್ಕೂ ಏನು ನಂಟು ಎಂದು ಕೇಳುವವರು ಈ ಬೀಸುಕಲ್ಲಿನ ಬಳಿಯಿಂದ ಹೊರಡುವುದು ಒಳ್ಳೆಯದು. ಈಗ ಆ ಚರ್ಚೆ ಹೆಚ್ಚಾಗಿ ಹೊರಡುವುದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಂದ. ಹಣೆ ನೆಲಕ್ಕೆ ಹಚ್ಚಿ ಸಜ್ದಾ ಮಾಡಿದರೆ ಮಿದುಳಿಗೆ ರಕ್ತ ನುಗ್ಗಿ ಪಾರ್ಶ್ವವಾಯು ಬರುವುದೇ ಇಲ್ಲ, ಕುರಾನಿನ ಇಂಥ ಆಯತ್ತನ್ನು ಇಷ್ಟು ಸಲ ಓದಿದರೆ ಸಕ್ಕರೆ ಕಾಯಿಲೆ ಮಾಯ, ಮಾತ್ರೆ ಬಿಡಬಹುದು ಎಂದು ಅವು ಹೇಳುತ್ತವೆ. ಇವನ್ನು ನಂಬಿ ರಕ್ತದೊತ್ತಡದ ಮಾತ್ರೆ ನಿಲ್ಲಿಸಿದವರಿಗೆ ಆಗುವ ಹಾನಿ ಸಣ್ಣದಲ್ಲ. ಹಾಗೆಂದು ಎಲ್ಲವನ್ನೂ ಮೂಢನಂಬಿಕೆ ಎಂದು ಒರೆಸಿಹಾಕುವುದೂ ಸರಿಯಲ್ಲ. ನಮಾಜು ಮತ್ತು ಜಿಕ್ರ್ (ಅಲ್ಲಾಹನ ನಾಮಸ್ಮರಣೆ) ದೇಹಕ್ಕೆ, ಮನಸ್ಸಿಗೆ ಏನು ಮಾಡುತ್ತವೆ ಎಂಬುದನ್ನು ಗಂಭೀರವಾಗಿ ಅಳೆದು ನೋಡಿದವರಿದ್ದಾರೆ. ಅವರಿಗೆ ಸಿಕ್ಕ ಫಲ ಪವಾಡಕ್ಕಿಂತ ಚಿಕ್ಕದು, ಆದರೆ ದಿನನಿತ್ಯದ ಬದುಕಿಗೆ ನಿಜವಾಗಿ ಒದಗುವಂಥದು. ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ನಮಾಜು ಮಾಡುವವರು ಅದನ್ನು ವ್ಯಾಯಾಮಕ್ಕಾಗಿ ಮಾಡುವುದಿಲ್ಲ, ಅದು ಸೃಷ್ಟಿಕರ್ತನ ಮುಂದೆ ನಿಲ್ಲುವುದು. ಮೈಗೆ ಸಿಗುವುದು ಅದರ ಜತೆಗೆ ಬರುವ ಲಾಭ. ಈ ವ್ಯತ್ಯಾಸವನ್ನು ಮರೆತ ಲೇಖನಗಳನ್ನು ನಮಾಜಿಗಳೂ ಒಪ್ಪುವುದಿಲ್ಲ, ವೈದ್ಯರೂ ಒಪ್ಪುವುದಿಲ್ಲ.

ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಜೂದಿಂದಲೇ ನೋಡೋಣ. ಮಣಿಕಟ್ಟಿನವರೆಗೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆಗೆ ಒದ್ದೆ ಕೈ ಸವರುವುದು, ಕೊನೆಗೆ ಹರಡಿನವರೆಗೆ ಪಾದ. ಕಾಲ್ಬೆರಳ ಸಂದುಗಳಲ್ಲಿ ಕೈಬೆರಳು ಆಡಿಸಿ ತೊಳೆಯುವುದು ಸುನ್ನತ್. ಮಧುಮೇಹ ಇರುವವರಿಗೆ ವೈದ್ಯರು ತಪ್ಪದೆ ಹೇಳುವ ಮಾತು, ದಿನಾ ಪಾದ ನೋಡಿಕೊಳ್ಳಿ ಎಂದು. ನರಗಳು ಮಂದವಾದ ಪಾದದಲ್ಲಿ ಮುಳ್ಳು ಚುಚ್ಚಿದರೂ, ಬೊಬ್ಬೆ ಎದ್ದರೂ ನೋವು ತಿಳಿಯುವುದಿಲ್ಲ, ಹುಣ್ಣಾದ ಮೇಲೆಯೇ ಗೊತ್ತಾಗುವುದು. ದಿನಕ್ಕೆ ಹಲವು ಸಲ ತನ್ನ ಪಾದವನ್ನು ಕೈಯಲ್ಲಿ ಹಿಡಿದು ತೊಳೆಯುವ ಅಭ್ಯಾಸ ಇದ್ದವರಿಗೆ ಆ ಹುಣ್ಣು ಬೇಗ ಕಣ್ಣಿಗೆ ಬೀಳುವ ಅವಕಾಶ ತಾನಾಗಿ ಒದಗಿದೆ. ತೊಳೆದ ಮೇಲೆ ಬೆರಳ ಸಂದಿನ ತೇವವನ್ನು ಬಟ್ಟೆಯಿಂದ ಒರೆಸಿಕೊಳ್ಳುವುದನ್ನು ಮಾತ್ರ ಮರೆಯಬಾರದು, ಇಲ್ಲದಿದ್ದರೆ ಅಲ್ಲೇ ಕೆಸರುಹುಣ್ಣು ಆಗುತ್ತದೆ.

ಮುಂದೆ ಖಿಯಾಮ್ (ನಿಲ್ಲುವುದು), ರುಕೂ (ಬಾಗುವುದು), ಸಜ್ದಾ, ಕೂತುಕೊಳ್ಳುವುದು. ಕೈಕಟ್ಟಿ ನೆಟ್ಟಗೆ ನಿಂತವರು ಸೊಂಟದಿಂದ ಬಾಗಿ ಅಂಗೈಗಳನ್ನು ಮೊಣಕಾಲ ಮೇಲೆ ಊರುತ್ತಾರೆ. ಬೆನ್ನು ಸಮತಟ್ಟಾಗುತ್ತದೆ, ತೊಡೆಯ ಹಿಂಬದಿಯ ಸ್ನಾಯು ಸೆಟೆಯುತ್ತದೆ. ಮತ್ತೆ ನೆಟ್ಟಗಾಗಿ ಅಲ್ಲಿಂದ ನೆಲಕ್ಕಿಳಿಯುತ್ತಾರೆ. ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳು ಹೀಗೆ ಏಳು ಅಂಗಗಳು ನೆಲ ಮುಟ್ಟಬೇಕು, ಹಣೆಯ ಜತೆಗೆ ಮೂಗೂ ತಾಗಬೇಕು. ಕಾಲ್ಬೆರಳುಗಳು ಮುಂದಕ್ಕೆ ಮಡಚಿಕೊಂಡಿರುತ್ತವೆ. ಇಂಥ ಒಂದು ಸುತ್ತು ಒಂದು ರಕಅತ್, ಅದಕ್ಕೆ ಎರಡು ಸಜ್ದಾ. ದಿನದ ಐದು ಹೊತ್ತಿನ ಫರ್ಜ್, ಅಂದರೆ ಕಡ್ಡಾಯ ನಮಾಜು, 17 ರಕಅತ್, ಅಂದರೆ 34 ಸಜ್ದಾ. ಹನಫಿ ಪದ್ಧತಿಯಂತೆ ಮುಖ್ಯ ಸುನ್ನತ್ತುಗಳನ್ನೂ ರಾತ್ರಿಯ ವಿತ್ರನ್ನೂ ಸೇರಿಸಿದರೆ ರಕಅತ್ತುಗಳು 32 ಆಗುತ್ತವೆ. ಎಪ್ಪತ್ತು ದಾಟಿದ ಅಜ್ಜ ಯಾರ ಹಂಗೂ ಇಲ್ಲದೆ ನೆಲದಿಂದ ಇಷ್ಟು ಸಲ ಏಳುತ್ತಾನೆ. ವಯಸ್ಸಾದವರ ಆರೋಗ್ಯವನ್ನು ಅಳೆಯುವ ವೈದ್ಯರು ಮೊದಲು ನೋಡುವುದರಲ್ಲಿ ಇದೂ ಒಂದು: ಕೂತಲ್ಲಿಂದ ಆಸರೆಯಿಲ್ಲದೆ ಏಳಬಲ್ಲರೇ ಎಂದು. ಕಾಲಿನ ಬಲ, ಸಮತೋಲ, ಬೀಳುವ ಅಪಾಯ ಎಲ್ಲವೂ ಅದರಲ್ಲಿ ಗೊತ್ತಾಗುತ್ತವೆ.

ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಎಂಜಿನಿಯರುಗಳ ತಂಡ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕಾರ್ಖಾನೆಯ ಕೆಲಸಗಾರರ ಬೆನ್ನಿನ ಮೇಲೆ ಬೀಳುವ ಭಾರವನ್ನು ಲೆಕ್ಕಹಾಕಲು ಬಳಸುವಂಥ ಕಂಪ್ಯೂಟರ್ ಮಾದರಿಗಳಲ್ಲಿ ಅವರು ನಮಾಜಿನ ಭಂಗಿಗಳನ್ನು ಮೂಡಿಸಿದರು. ಭಾರತೀಯ, ಏಷ್ಯಾದ ಮತ್ತು ಅಮೆರಿಕದ ಗಂಡು ಹೆಣ್ಣುಗಳ ದೇಹದ ಅಳತೆಗಳನ್ನೆಲ್ಲ ಅದರಲ್ಲಿ ತೆಗೆದುಕೊಂಡಿದ್ದರು. ಕೆಳಬೆನ್ನಿನ ಮೇಲೆ ಹೆಚ್ಚು ಒತ್ತಡ ಬೀಳುವುದು ರುಕೂ ಹೊತ್ತಿನಲ್ಲಿ. ಆದರೆ ಮೊಣಕಾಲು, ಬೆನ್ನು ಸರಿಯಾದ ಕೋನದಲ್ಲಿದ್ದರೆ ಬೆನ್ನುನೋವು ಇರುವವರಿಗೂ ಈ ಚಲನೆಗಳು ನೋವು ತಗ್ಗಿಸಲು ನೆರವಾಗಬಲ್ಲವು ಎಂಬ ತೀರ್ಮಾನಕ್ಕೆ ಅವರು ಬಂದರು. ಎಲ್ಲ ನಿಂತಿರುವುದು ಸರಿಯಾಗಿ ಮಾಡುವುದರ ಮೇಲೆ. ಗಡಿಬಿಡಿಯಲ್ಲಿ ನಮಾಜು ಮುಗಿಸಿದ ಒಬ್ಬನನ್ನು ಪ್ರವಾದಿಯವರು ಮರಳಿ ಮರಳಿ ಕಳಿಸಿ ಮತ್ತೆ ಮಾಡು ಎಂದ ಪ್ರಸಂಗ ಹದೀಸಿನಲ್ಲಿದೆ. ಒಂದೊಂದು ಭಂಗಿಯಲ್ಲೂ ಮೈ ಕೀಲುಗಳು ನೆಲೆಗೊಳ್ಳುವ ತನಕ ನಿಲ್ಲಬೇಕು, ಕಾಗೆ ಕಾಳು ಕುಕ್ಕಿದ ಹಾಗೆ ಸಜ್ದಾ ಮಾಡಬಾರದು ಎಂಬುದು ಅಲ್ಲಿಯ ಬೋಧನೆ. ರಂಜಾನಿನ ತರಾವೀಹ್‌ನಲ್ಲಿ ಎಷ್ಟು ಬೇಗ 20 ರಕಅತ್ ಮುಗಿಸುತ್ತಾರೆ ಎಂದು ನೋಡಿ ಮಸೀದಿ ಆರಿಸುವ ಹುಡುಗರು ಈ ಪ್ರಸಂಗವನ್ನು ಮತ್ತೆ ಓದಿದರೆ ಅವರ ಬೆನ್ನಿಗೂ ಒಳ್ಳೆಯದು.

ಇಷ್ಟಾದರೂ ನಮಾಜು ನಡಿಗೆಗೆ ಬದಲಿಯಲ್ಲ. ಅದು ಹಗುರ ಚಲನೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಷ್ಟು ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಸುಕಿನ ಫಜ್ರ್ ಮುಗಿಸಿ ಮತ್ತೆ ಹೊದ್ದು ಮಲಗುವ ಬದಲು ಅಲ್ಲಿಂದಲೇ ಅರ್ಧ ಗಂಟೆ ನಡೆದರೆ ಆ ಲೆಕ್ಕ ಸರಿಹೋಗುತ್ತದೆ.

ನಮಾಜಿನ ವೇಳೆ ಮಿದುಳಿನಲ್ಲಿ, ಹೃದಯದಲ್ಲಿ ಏನಾಗುತ್ತದೆ ಎಂದು ಮಲೇಷ್ಯಾದ ಮಲಾಯಾ ವಿಶ್ವವಿದ್ಯಾಲಯದವರು ನೋಡಿದ್ದಾರೆ. ಅವರ 2014ರ ಅಧ್ಯಯನದಲ್ಲಿ 30 ಮಂದಿ ಗಂಡಸರ ತಲೆಗೂ ಎದೆಗೂ ತಂತಿ ಅಂಟಿಸಿ ಅಲೆಗಳನ್ನು ದಾಖಲಿಸಿದರು. ಮಿದುಳಿನ ಹಿಂಭಾಗದಲ್ಲಿ ಆಲ್ಫಾ ಅಲೆಗಳು ಏರಿದವು. ಎಚ್ಚರವಿದ್ದೂ ಮನಸ್ಸು ತಣ್ಣಗಿರುವಾಗ ಕಾಣುವ ಅಲೆಗಳಿವು. ಹೃದಯ ಬಡಿತದ ಏರಿಳಿತವನ್ನು ಲೆಕ್ಕಹಾಕಿದಾಗ, ದೇಹವನ್ನು ಶಾಂತಗೊಳಿಸುವ ನರಜಾಲ ಹೆಚ್ಚು ಕೆಲಸ ಮಾಡುತ್ತಿರುವುದು ಕಂಡುಬಂತು. ಮೂವತ್ತು ಮಂದಿ ಅಂದರೆ ಸಣ್ಣ ಅಧ್ಯಯನ, ಅವರೆಲ್ಲ ಆರೋಗ್ಯವಂತರು. ಅದರಿಂದ ಯಾವುದೋ ಕಾಯಿಲೆ ವಾಸಿಯಾಗುತ್ತದೆ ಎನ್ನಲು ಎಡೆಯಿಲ್ಲ. ಆದರೆ ಐದು ಹೊತ್ತಿನ ಆ ಬಿಡುವಿನಲ್ಲಿ ದೇಹ ಒಂದಿಷ್ಟು ಸಡಿಲಗೊಳ್ಳುತ್ತದೆ ಎಂದು ನಮಾಜಿಗಳು ಹೇಳಿಕೊಂಡು ಬಂದದ್ದಕ್ಕೆ ಅಳತೆಯ ಆಧಾರ ಸಿಕ್ಕಂತಾಯಿತು.

ನನಗೆ ಇದೆಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣ ಎನಿಸಿದ್ದು ಉಸಿರಿನ ವಿಷಯ. ಇಟಲಿಯ ಪಾವಿಯಾದ ಹೃದಯತಜ್ಞ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 23 ಜನರಿಗೆ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ ಬೌದ್ಧರ ಒಂದು ಮಂತ್ರವನ್ನೂ ಹೇಳಿಸಿ ಉಸಿರು, ಹೃದಯ, ರಕ್ತದೊತ್ತಡಗಳ ಅಲೆಗಳನ್ನು ಅಳೆದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಕಾರಣ ಸರಳ. ಒಂದು ಸುತ್ತು ಹೇಳಿ ಮುಗಿಸಲು ಸುಮಾರು ಹತ್ತು ಸೆಕೆಂಡು ಬೇಕು, ಅಷ್ಟರಲ್ಲಿ ಉಸಿರು ಒಮ್ಮೆ ಬಂದು ಹೋಗುತ್ತದೆ. ರಕ್ತನಾಳಗಳ ಒತ್ತಡದಲ್ಲಿ ಸಹಜವಾಗಿಯೇ ಹತ್ತು ಸೆಕೆಂಡಿಗೊಂದು ಅಲೆ ಇರುತ್ತದೆ. ಉಸಿರು ಅದೇ ತಾಳಕ್ಕೆ ಬಂದಾಗ ಒತ್ತಡದ ಏರಿಳಿತವನ್ನು ಸರಿದೂಗಿಸುವ ದೇಹದ ಒಳವ್ಯವಸ್ಥೆ ಚುರುಕಾಗುತ್ತದೆ. ಆ ವ್ಯವಸ್ಥೆ ಮಂಕಾದ ಹೃದ್ರೋಗಿಗಳ ಸ್ಥಿತಿ ಬಿಗಡಾಯಿಸುವ ಸಂಭವ ಹೆಚ್ಚು ಎಂದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಆ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ. ಜಪಮಾಲೆ ಯುರೋಪಿಗೆ ಹೋದದ್ದು ಧರ್ಮಯುದ್ಧದ ಕಾಲದಲ್ಲಿ ಅರಬರ ಕೈಯಿಂದ, ಅರಬರಿಗೆ ಸಿಕ್ಕಿದ್ದು ಟಿಬೆಟ್ಟಿನ ಭಿಕ್ಷುಗಳಿಂದ ಮತ್ತು ಭಾರತದ ಯೋಗಿಗಳಿಂದ ಎಂದು ಲೇಖಕರು ನೆನಪಿಸುತ್ತಾರೆ.

ಬರ್ನಾರ್ಡಿ ಅಳೆದದ್ದು ಜಿಕ್ರನ್ನಲ್ಲ. ಆದರೆ ಜಿಕ್ರ್ ಮಾಡುವವರ ಪಕ್ಕ ಕೂತು ನೋಡಿದರೆ ಅದೇ ಕೆಲಸ ನಡೆಯುತ್ತಿರುವುದು ತಿಳಿಯುತ್ತದೆ. ನಮಾಜಿನ ಸಲಾಮ್ ಆದ ಕೂಡಲೇ ಎದ್ದುಹೋಗದೆ ಕೂತವರು ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34 ಸಲ ಹೇಳುತ್ತಾರೆ. ತಸ್ಬಿ ಇದ್ದವರು ಮಣಿ ಸರಿಸುತ್ತಾರೆ. ಇಲ್ಲದವರ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಏರಿ ಇಳಿಯುತ್ತದೆ. ತುಟಿ ಅಲುಗುತ್ತದೆ, ಧ್ವನಿ ತನಗಷ್ಟೇ ಕೇಳುತ್ತದೆ. ಕುರಾನ್ ಓದುವಾಗಲೂ ತಜ್ವೀದಿನ, ಅಂದರೆ ಸರಿಯಾಗಿ ಉಚ್ಚರಿಸುವ, ನಿಯಮಗಳಿವೆ. ಎಲ್ಲಿ ಸ್ವರವನ್ನು ಎಷ್ಟು ಎಳೆಯಬೇಕು, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು ಎಂಬುದಕ್ಕೆ ಗುರುತುಗಳಿವೆ. ನಿಯಮ ಪಾಲಿಸಿ ಓದುವವರ ಹೊರಉಸಿರು ಒಳಉಸಿರಿಗಿಂತ ತುಂಬ ಉದ್ದವಾಗಿರುತ್ತದೆ. ಹೃದಯದ ಬಡಿತ ನಿಧಾನವಾಗುವುದು ಹೊರಉಸಿರಿನ ಹೊತ್ತಿನಲ್ಲಿಯೇ.

ಉಸಿರಿಗೆ ದೇವರ ಹೆಸರನ್ನು ಕೂಡಿಸುವುದನ್ನು ಕಲಬುರಗಿ ಆರು ನೂರು ವರ್ಷಗಳಿಂದ ಬಲ್ಲದು. ಸೂಫಿ ಸಂತ ಖ್ವಾಜಾ ಬಂದೇನವಾಜರು ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು, ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿ 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರದು ಚಿಶ್ತಿ ಪರಂಪರೆ. ಆ ಪರಂಪರೆಯ ಸಾಧನೆಗಳಲ್ಲಿ ಪಾಸ್-ಎ-ಅನ್ಫಾಸ್ ಮುಖ್ಯವಾದುದು: ಬರುವ ಉಸಿರಿಗೂ ಹೋಗುವ ಉಸಿರಿಗೂ ಕಾವಲು ಕೂತು ಅದರ ಜತೆ ಕಲಿಮಾವನ್ನು ಕೂಡಿಸುವುದು. ಬಂದೇನವಾಜರ ಗುರು, ದೆಹಲಿಯ ನಸೀರುದ್ದೀನ್ ಚಿರಾಗರು ಉಸಿರನ್ನು ತಡೆದು ಹಿಡಿಯುವುದೇ ಸಾಧನೆಯ ತಿರುಳು ಎನ್ನುತ್ತ ಸಿದ್ಧಯೋಗಿಗಳ ಎಣಿಸಿದ ಉಸಿರಿನ ಉದಾಹರಣೆ ಕೊಟ್ಟಿದ್ದರು. ಹದಿನಾರನೆಯ ಶತಮಾನದಲ್ಲಿ ಗ್ವಾಲಿಯರಿನ ಶತ್ತಾರಿ ಸೂಫಿ ಮುಹಮ್ಮದ್ ಗೌಸ್ ಯೋಗದ ಗ್ರಂಥವೊಂದನ್ನು ‘ಬಹರುಲ್ ಹಯಾತ್’ ಎಂಬ ಹೆಸರಿನಲ್ಲಿ ಪಾರಸಿಗೆ ತಂದರು. ಈ ನೆಲದಲ್ಲಿ ಉಸಿರಿನ ವಿದ್ಯೆಯ ಕೊಡುಕೊಳ್ಳುವಿಕೆ ಇಷ್ಟು ಹಳೆಯದು. ಈಚೆಗೆ ಇದನ್ನು ಮಿದುಳಿನ ಚಿತ್ರಗಳಲ್ಲೂ ನೋಡಿದವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2011ರಲ್ಲಿ ಓಂಕಾರ ಹೇಳುವವರ ಮಿದುಳಿನ ಚಿತ್ರ ತೆಗೆದು, ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗುವುದನ್ನು ತೋರಿಸಿದರು. ಅಮೆರಿಕದ ಆಂಡ್ರ್ಯೂ ನ್ಯೂಬರ್ಗ್ 2015ರಲ್ಲಿ ತೀವ್ರವಾಗಿ ಪ್ರಾರ್ಥಿಸುವ ಮೂವರು ಮುಸ್ಲಿಮರ ಮಿದುಳಿನ ರಕ್ತಸಂಚಾರ ನೋಡಿದರು. ಪ್ರಾರ್ಥನೆ ಗಾಢವಾದಾಗ ಮಿದುಳಿನ ಮುಂಭಾಗಕ್ಕೆ ಹೋಗುವ ರಕ್ತ ಕಡಿಮೆಯಾಗಿತ್ತು. ಯೋಜನೆ, ಹಿಡಿತ, ನಾನು ಮಾಡುತ್ತಿದ್ದೇನೆ ಎಂಬ ಭಾವಕ್ಕೆ ಸಂಬಂಧಿಸಿದ ಭಾಗ ಅದು. ಅಲ್ಲಾಹನಿಗೆ ಒಪ್ಪಿಸಿಕೊಂಡಾಗ ಭಾರ ಇಳಿದಂತಾಯಿತು ಎಂದು ಜನ ಹೇಳುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಮೂವರೇ ಆದ್ದರಿಂದ ಅದನ್ನು ಸಾಬೀತು ಎನ್ನುವಂತಿಲ್ಲ, ಸುಳಿವು ಎನ್ನಬಹುದು.

ಕರಾವಳಿಗೆ ಇಳಿದರೆ ಜಿಕ್ರಿನ ರೂಪ ಬೇರೆ. ದಕ್ಷಿಣ ಕನ್ನಡದ ಬ್ಯಾರಿ ಮನೆಗಳಲ್ಲಿ, ಗಡಿಯಾಚೆ ಕೇರಳದಲ್ಲಿ ರಾತ್ರಿಯ ಇಶಾ ನಮಾಜು ಆದ ಮೇಲೆ ಹದ್ದಾದ್ ರಾತೀಬ್ ಓದುವ ರೂಢಿ ಇದೆ. ಯೆಮನಿನ ಹದ್ರಮೌತ್ ಸೀಮೆಯ ತರೀಮಿನಲ್ಲಿದ್ದ ಅಬ್ದುಲ್ಲಾ ಅಲ್ ಹದ್ದಾದರು (1634–1720) ಸಂಕಲಿಸಿದ ಜಿಕ್ರ್ ಅದು, ಅರಬ್ಬಿ ಸಮುದ್ರ ದಾಟಿ ಇಲ್ಲಿಗೆ ಬಂದದ್ದು. ಉಸ್ತಾದರು ಒಂದು ಸಾಲು ಹೇಳುತ್ತಾರೆ, ಮನೆಮಂದಿ, ಅಕ್ಕಪಕ್ಕದವರು ಒಟ್ಟಾಗಿ ಧ್ವನಿಗೂಡಿಸುತ್ತಾರೆ. ಮಲಬಾರಿನಲ್ಲಿ ನಫೀಸತ್ ಮಾಲೆ ಎಂಬ ಹಾಡನ್ನು ಹೆರಿಗೆ ಸುಸೂತ್ರವಾಗಲಿ ಎಂದು ಬಸಿರಿಯ ಪಕ್ಕ ಕೂತು ಹಾಡುತ್ತಿದ್ದರು. ಹೆರಿಗೆ ನೋವಿನಲ್ಲಿರುವವಳ ಬಳಿ ಗೊತ್ತಿರುವ ಹೆಂಗಸರು ಕೂತು, ಪರಿಚಿತ ರಾಗದಲ್ಲಿ ಏನನ್ನಾದರೂ ಹಾಡುತ್ತ ಕೈ ಹಿಡಿದಿದ್ದರೆ ಅವಳ ಭಯ ಇಳಿಯುತ್ತದೆ. ಹೆರಿಗೆ ಕೋಣೆಯಲ್ಲಿ ಜತೆಗಾತಿ ಇರಲಿ ಎಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆ ಹಾಡಿನ ಜತೆಗೆ ಆಸ್ಪತ್ರೆಯ ಹಾಸಿಗೆ, ನುರಿತ ದಾದಿ ಇರಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಒಟ್ಟಿಗೆ ಕೂಡುವುದರ ಬಲ ದೊಡ್ಡದು. 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ ಕಂಡುಕೊಂಡದ್ದು ಇದು: ಗಟ್ಟಿ ಸಾಮಾಜಿಕ ನಂಟು ಇರುವವರು ಆ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ, ಇಲ್ಲದವರಿಗಿಂತ ಶೇ 50ರಷ್ಟು ಹೆಚ್ಚು. ಜಮಾಅತ್ತಿನ ಸಾಮೂಹಿಕ ನಮಾಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವನು ಎರಡು ದಿನ ಕಾಣದಿದ್ದರೆ ಯಾರಾದರೂ ಮನೆಗೆ ಹೋಗಿ ಕೇಳುತ್ತಾರೆ. ಹೆಂಡತಿ ತೀರಿಕೊಂಡು ಒಂಟಿಯಾದ ಮುದುಕನಿಗೆ ದಿನಕ್ಕೆ ಐದು ಸಲ ಮನೆಯಿಂದ ಹೊರಬೀಳಲು ಕಾರಣ ಇದೆ. ಆದರೆ ಗಂಡ ತೀರಿಕೊಂಡು ಒಂಟಿಯಾದ ಮುದುಕಿಗೆ? ನಮ್ಮ ಬಹಳಷ್ಟು ಮಸೀದಿಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. ಅವರು ಮನೆಯ ಮೂಲೆಯಲ್ಲಿ ಜಾನಮಾಜ್ ಹಾಸಿ ಒಬ್ಬರೇ ನಮಾಜು ಮಾಡುತ್ತಾರೆ. ಉಸಿರಿನ ಲಾಭ ಅವರಿಗೂ ಸಿಗುತ್ತದೆ, ಬೆನ್ನು ಬಾಗುವ ಲಾಭವೂ ಸಿಗುತ್ತದೆ. ಜತೆಗಾರಿಕೆಯ ಲಾಭ ಮಾತ್ರ ತಪ್ಪುತ್ತದೆ. ವಿಜಯಪುರದ ಸೂಫಿಗಳು ಹೆಂಗಸರು ಇದ್ದಲ್ಲಿಗೆ ಜಿಕ್ರನ್ನು ತಲುಪಿಸಿದ್ದರು. ಈಗ ಬೀಸುಕಲ್ಲು ಹೋಯಿತು, ಅದರ ಸುತ್ತ ಸೇರುತ್ತಿದ್ದ ನೆರೆಹೊರೆಯೂ ಹೋಯಿತು. ಕೆಲವು ಊರುಗಳಲ್ಲಿ ಮಸೀದಿಯ ಮೇಲ್ಮಹಡಿಯನ್ನೋ ಪಕ್ಕದ ಕೋಣೆಯನ್ನೋ ಹೆಂಗಸರಿಗೆ ಬಿಟ್ಟುಕೊಡುತ್ತಿದ್ದಾರೆ. ಇದು ಧರ್ಮದ ಪ್ರಶ್ನೆಯಷ್ಟೇ ಆರೋಗ್ಯದ ಪ್ರಶ್ನೆಯೂ ಹೌದೆಂದು ನಾನು ತಿಳಿದಿದ್ದೇನೆ.

ಇನ್ನು ತೊಂದರೆಗಳ ಮಾತು. ಮೂಳೆ ವೈದ್ಯರ ಕೋಣೆಯಲ್ಲಿ ಮಂಡಿ ಚಿಪ್ಪು ಸವೆದವರು ಕೇಳುವ ಮೊದಲ ಪ್ರಶ್ನೆ ನೋವಿನದ್ದಲ್ಲ. ‘ಡಾಕ್ಟರ್ ಸಾಬ್, ಆಪರೇಷನ್ ಆದಮೇಲೆ ನೆಲದಲ್ಲಿ ಸಜ್ದಾ ಮಾಡೋಕೆ ಆಗುತ್ತಾ?’ ಎಂದು ಕೇಳುತ್ತಾರೆ. ಸೊಂಟದ ಕೀಲು ಬದಲಿಸಿದವರಿಗೆ ಅಷ್ಟು ಆಳಕ್ಕೆ ಬಾಗಬೇಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಕೀಲು ತಪ್ಪುವ ಭಯ ಇರುತ್ತದೆ. ಗ್ಲಾಕೋಮಾ ಇರುವವರು ತಲೆ ಕೆಳಗೆ ಮಾಡಿದಷ್ಟು ಹೊತ್ತು ಕಣ್ಣಿನ ಒತ್ತಡ ಏರುವುದರಿಂದ, ಉದ್ದನೆಯ ಸಜ್ದಾ ಬಗ್ಗೆ ಕಣ್ಣಿನ ವೈದ್ಯರನ್ನು ಕೇಳಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರಿಗೆ ಸಜ್ದಾದಿಂದ ಸರ‍್ರನೆ ಎದ್ದರೆ ತಲೆ ಸುತ್ತುವುದುಂಟು. ಹಣೆ, ಮೊಣಕಾಲು, ಎಡಪಾದದ ಹೊರಹರಡಿನ ಮೇಲೆ ವರ್ಷಗಟ್ಟಲೆ ಒತ್ತಿ ಒತ್ತಿ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಹಣೆಯ ಗುರುತನ್ನು ಜನ ಗೌರವದಿಂದ ನೋಡುತ್ತಾರೆ, ಅದರಿಂದ ತೊಂದರೆಯೂ ಇಲ್ಲ. ಹರಡಿನ ಗಂಟು ಮಧುಮೇಹಿಗಳಲ್ಲಿ ಬಿರಿದು ಹುಣ್ಣಾಗಬಹುದು, ಅಂಥವರು ದಪ್ಪನೆಯ ಜಾನಮಾಜ್ ಹಾಸಿಕೊಳ್ಳಬೇಕು.

ಇವೆಲ್ಲದಕ್ಕೂ ಧರ್ಮದೊಳಗೇ ದಾರಿ ಇದೆ. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್ ಎಂಬ ಸಹಾಬಿ (ಪ್ರವಾದಿಯವರ ಒಡನಾಡಿ) ಕೇಳಿದಾಗ ಪ್ರವಾದಿಯವರು ನಿಂತು ಮಾಡು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡು ಎಂಬ ಅರ್ಥದ ಉತ್ತರ ಕೊಟ್ಟದ್ದು ಬುಖಾರಿ ಸಂಗ್ರಹದಲ್ಲಿದೆ. ನೀರು ತಾಗಬಾರದ ಗಾಯವಿದ್ದರೆ ನೀರಿನ ಬದಲು ಶುದ್ಧ ಮಣ್ಣಿನಿಂದ ಮಾಡುವ ತಯಮ್ಮುಮ್ ಇದೆ. ಮಸೀದಿಗಳಲ್ಲಿ ಸಾಲಿನ ಅಂಚಿಗೆ ಈಗ ಕಾಣುವ ಪ್ಲಾಸ್ಟಿಕ್ ಕುರ್ಚಿಗಳನ್ನು ನೋಡಿ ಮುಖ ಸಿಂಡರಿಸುವವರು, ರಿಯಾಯಿತಿಯೂ ದೀನಿನದೇ ಭಾಗ ಎಂಬುದನ್ನು ನೆನಪಿಡಬೇಕು. ನಾಚಿಕೆಪಟ್ಟುಕೊಂಡು ನೆಲದಲ್ಲೇ ಕೂತು ಮಂಡಿ ಹಾಳುಮಾಡಿಕೊಳ್ಳುವ ಹಿರಿಯರಿಗೆ ಇಮಾಮರೇ ಕುರ್ಚಿ ತಂದು ಹಾಕಿದರೆ ಎಷ್ಟು ಚೆನ್ನ.

ನೀರಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಬೆಚ್ಚಗಿನ, ಶುದ್ಧೀಕರಿಸದ ಸಿಹಿನೀರಿನಲ್ಲಿ ಬೆಳೆಯುವ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಏರಿದರೆ ಬದುಕುವುದು ತೀರಾ ಅಪರೂಪ. ಪಾಕಿಸ್ತಾನದ ಕರಾಚಿಯಲ್ಲಿ ಸರಿಯಾಗಿ ಕ್ಲೋರಿನ್ ಹಾಕದ ನಲ್ಲಿ ನೀರನ್ನು ವುಜೂ ಮಾಡುವಾಗ ಮೂಗಿಗೆ ಎಳೆದುಕೊಂಡ ಕೆಲವರು ಹೀಗೆ ತೀರಿಕೊಂಡಿದ್ದಾರೆ. ನೆರೆಯ ಕೇರಳದಲ್ಲೂ ಈಚಿನ ವರ್ಷಗಳಲ್ಲಿ ಅಮೀಬಾದಿಂದ ಮಿದುಳು ಜ್ವರ ಕಾಣಿಸಿಕೊಂಡಿದೆ. ವುಜೂ ಮಾಡುವ ಹೌಜಿನ ನೀರಿಗೆ ಕ್ಲೋರಿನ್ ಹಾಕುವುದು, ತೊಟ್ಟಿಯನ್ನು ಕಾಲಕಾಲಕ್ಕೆ ಉಜ್ಜಿ ತೊಳೆಸುವುದು ಮಸೀದಿ ಕಮಿಟಿಯ ಕೆಲಸ. ಅದಕ್ಕೆ ಹೆಚ್ಚು ದುಡ್ಡೂ ಬೇಡ.

ಎಲ್ಲಕ್ಕಿಂತ ಕಾಡುವ ತೊಂದರೆ ಮನಸ್ಸಿನದು. ವುಜೂ ಆಯಿತೋ ಇಲ್ಲವೋ ಎಂಬ ಅನುಮಾನ. ಮತ್ತೆ ಮಾಡುತ್ತಾರೆ. ಮೊಣಕೈ ಹತ್ತಿರ ಒಂದು ಕೂದಲೆಳೆಯಷ್ಟು ಜಾಗ ಒಣಗಿತ್ತೇನೋ ಎಂದು ಮೂರನೇ ಸಲ ಮಾಡುತ್ತಾರೆ. ನಮಾಜಿಗೆ ನಿಂತರೆ ತಕ್ಬೀರ್ ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮತ್ತೆ ಕೈ ಎತ್ತುತ್ತಾರೆ. ಅಷ್ಟರಲ್ಲಿ ಉಳಿದವರು ನಮಾಜು ಮುಗಿಸಿ ಹೋಗಿರುತ್ತಾರೆ. ಕೈಯ ಚರ್ಮ ನೆನೆದು ಬಿಳಿಚಿರುತ್ತದೆ. ಇದನ್ನು ಮುಸ್ಲಿಂ ಮನೆಗಳಲ್ಲಿ ವಸ್ವಸಾ ಎನ್ನುತ್ತಾರೆ, ಸೈತಾನನ ಪಿಸುಮಾತು ಎಂದು ತಿಳಿಯುತ್ತಾರೆ. ವೈದ್ಯರು ಇದನ್ನು ಗೀಳು ಕಾಯಿಲೆ ಎನ್ನುತ್ತಾರೆ. ಈಜಿಪ್ಟಿನ ಮನೋವೈದ್ಯ ಅಹ್ಮದ್ ಒಕಾಶಾ 1994ರಲ್ಲಿ ತಮ್ಮ ದೇಶದ ಗೀಳು ರೋಗಿಗಳ ಬಗ್ಗೆ ಬರೆದಾಗ ಶುಚಿ ಮತ್ತು ಧರ್ಮದ ಸುತ್ತ ಸುತ್ತುವ ಗೀಳುಗಳು ಅಲ್ಲಿ ಎದ್ದು ಕಂಡವು. ಅದಕ್ಕೆ ಸಾವಿರ ವರ್ಷ ಮೊದಲೇ ಬಲ್ಖಿನ ಅಬು ಜೈದ್ (850–934) ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಕೂಡಿಸಿ ಬರೆಯುತ್ತ ಬಿಡದೆ ಕಾಡುವ ಇಂಥ ಯೋಚನೆಗಳನ್ನು ಕಾಯಿಲೆಯಾಗಿಯೇ ವಿವರಿಸಿದ್ದರು. ಗೀಳಿಗೆ ಈಗಿನ ಮನೋಚಿಕಿತ್ಸೆಯ ಮದ್ದು, ಅನುಮಾನ ಬಂದರೂ ಮತ್ತೆ ತೊಳೆಯದೆ ಸುಮ್ಮನೆ ಆ ಕಸಿವಿಸಿಯನ್ನು ತಡೆದುಕೊಳ್ಳುವ ಅಭ್ಯಾಸ. ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಖ್ಹ್‌ನಲ್ಲೂ ಎಲ್ಲ ಪಂಥಗಳು ಒಪ್ಪುವ ಒಂದು ಸೂತ್ರವಿದೆ: ಖಚಿತವಾದದ್ದು ಬರೀ ಸಂಶಯದಿಂದ ಬಿದ್ದುಹೋಗುವುದಿಲ್ಲ. ವುಜೂ ಮಾಡಿದ್ದು ಖಚಿತವಿದ್ದರೆ, ಮುರಿಯಿತೇನೋ ಎಂಬ ಅನುಮಾನಕ್ಕೆ ಬೆಲೆಯಿಲ್ಲ. ಈ ಸೂತ್ರವನ್ನು ಇಮಾಮರು ಹೇಳಿ, ಅಭ್ಯಾಸವನ್ನು ವೈದ್ಯರು ಮಾಡಿಸಿ, ಬೇಕಾದರೆ ಮಾತ್ರೆಯೂ ಸೇರಿದರೆ ರೋಗಿ ಬೇಗ ಸುಧಾರಿಸುತ್ತಾನೆ. ಅಂಥವನಿಗೆ ಇನ್ನಷ್ಟು ಜಿಕ್ರ್ ಮಾಡು ಎಂದು ಬುದ್ಧಿ ಹೇಳಿದರೆ ರೋಗಕ್ಕೆ ಗೊಬ್ಬರ ಹಾಕಿದಂತೆ.

ಮಗ್ರಿಬ್ ನಮಾಜು ಬಿಡುವ ಹೊತ್ತಿಗೆ ನಮ್ಮ ಎಷ್ಟೋ ಊರುಗಳ ಮಸೀದಿ ಬಾಗಿಲಲ್ಲಿ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ನಿಂತಿರುತ್ತಾರೆ. ಹಣೆಯಲ್ಲಿ ಕುಂಕುಮ ಇಟ್ಟವರೂ ಇರುತ್ತಾರೆ, ದುಪಟ್ಟಾ ಹೊದ್ದವರೂ ಇರುತ್ತಾರೆ. ರಾತ್ರಿ ಬೆಚ್ಚಿ ಅಳುವ ಮಗು, ಹಾಲು ಕುಡಿಯದ ಮಗು. ಹೊರಬರುವ ಒಬ್ಬೊಬ್ಬರೂ ಬಾಯಲ್ಲೇ ಓದಿಕೊಂಡು ಮಗುವಿನ ನೆತ್ತಿಗೆ ಊದಿ ಹೋಗುತ್ತಾರೆ. ಹತ್ತಾರು ಅಪರಿಚಿತರು ನನ್ನ ಮಗುವಿಗೆ ಒಳ್ಳೆಯದು ಬಯಸಿದರು ಎಂಬ ನೆಮ್ಮದಿ ಆ ತಾಯಿಗೆ ದೊಡ್ಡದು. ನೆಮ್ಮದಿಯಾದ ತಾಯಿಯ ತೋಳಲ್ಲಿ ಮಗುವೂ ಬೇಗ ನಿದ್ದೆ ಹೋಗುತ್ತದೆ. ಜ್ವರ ಮೂರು ದಿನ ಬಿಡದಿದ್ದರೆ, ಮಗು ಮಂಕಾದರೆ ಊದಿಸುವುದರ ಜತೆಗೆ ಆಸ್ಪತ್ರೆಗೂ ಹೋಗಲೇಬೇಕು ಎಂದು ಊದುವವರೇ ಹೇಳಿ ಕಳಿಸಬೇಕು. ಅನೇಕರು ಹೇಳುತ್ತಾರೆ ಕೂಡ.

ದೂರದಿಂದ ಬೇರೆಯವರು ಮಾಡುವ ಪ್ರಾರ್ಥನೆ ರೋಗವನ್ನು ನೇರವಾಗಿ ವಾಸಿಮಾಡುತ್ತದೆಯೇ ಎಂದು ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ನೇತೃತ್ವದಲ್ಲಿ ಪರೀಕ್ಷಿಸಿದ್ದರು. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಮಾಡಿಸಿಕೊಂಡ 1,802 ಮಂದಿ, ಪ್ರಾರ್ಥಿಸಿದವರು ಕ್ರೈಸ್ತರು. 2006ರಲ್ಲಿ ಬಂದ ಫಲಿತಾಂಶದಂತೆ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಿ ತೊಡಕುಗಳು ತುಸು ಹೆಚ್ಚೇ ಇದ್ದವು. ದೇವರನ್ನು ಅಳತೆಪಟ್ಟಿಗೆ ಸಿಗಿಸುವ ಇಂಥ ಪ್ರಯತ್ನದಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಆ ಫಲಿತಾಂಶ ಒಂದನ್ನು ಸ್ಪಷ್ಟಮಾಡಿತು: ಆಪರೇಷನ್ ಬೇಕಾದವರಿಗೆ ಆಪರೇಷನ್ನೇ ಬೇಕು.

ರೋಗಕ್ಕೆ ಚಿಕಿತ್ಸೆಯೇ ಬೇಕೆಂಬುದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. ಅಲ್ಲಿಯ ದರ್ಗಾಕ್ಕೆ ಮಾನಸಿಕ ರೋಗಿಗಳನ್ನು ಕರೆತಂದು ಬಿಡುತ್ತಿದ್ದ ಕಾಲ. ಸುತ್ತ ಹುಟ್ಟಿಕೊಂಡ ಖಾಸಗಿ ಆಶ್ರಯಧಾಮಗಳಲ್ಲಿ ಅವರನ್ನು ಸರಪಳಿಯಿಂದ ಕಂಬಕ್ಕೆ ಬಿಗಿಯುತ್ತಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ಗುಡಿಸಿಲಿಗೆ ಬೆಂಕಿ ಬಿತ್ತು. ಸರಪಳಿ ಬಿಡಿಸಿಕೊಳ್ಳಲಾಗದೆ 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು, ದೇಶದ ಮಾನಸಿಕ ಆರೋಗ್ಯ ವ್ಯವಸ್ಥೆಯ ಬಗ್ಗೆ ಚರ್ಚೆ ಎದ್ದಿತು.

ಕೆಲವರು ದರ್ಗಾಗಳನ್ನು ಮುಚ್ಚಿಸಬೇಕು ಎಂದರು. ಗುಜರಾತ್ ಬೇರೆ ದಾರಿ ಹಿಡಿಯಿತು. ಉನಾವದ ಮೀರಾ ದಾತಾರ್ ದರ್ಗಾದಲ್ಲಿ 2008ರ ಸುಮಾರಿಗೆ ‘ದವಾ-ದುವಾ’ ಎಂಬ ಏರ್ಪಾಟು ಶುರುವಾಯಿತು. ದರ್ಗಾ ನೋಡಿಕೊಳ್ಳುವ ಮುಜಾವರರಿಗೆ ಮಾನಸಿಕ ಕಾಯಿಲೆಯ ಲಕ್ಷಣಗಳನ್ನು ಗುರುತಿಸುವ ತರಬೇತಿ ಕೊಟ್ಟರು. ಅವರು ಬಂದವರಿಗಾಗಿ ದುವಾ ಮಾಡುತ್ತಾರೆ, ಅಲ್ಲೇ ಇರುವ ಮನೋವೈದ್ಯರ ಬಳಿಗೂ ಕಳಿಸುತ್ತಾರೆ. ಆಸ್ಪತ್ರೆಯ ಹೆಸರು ಕೇಳಿದರೇ ಹೆದರುವ ಕುಟುಂಬಗಳು ಮುಜಾವರರ ಮಾತಿಗೆ ಒಪ್ಪಿ ಮಾತ್ರೆ ತೆಗೆದುಕೊಳ್ಳುತ್ತವೆ. ನಿಮ್ಹಾನ್ಸಿನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಿಂದೂ ದೇವಸ್ಥಾನದಲ್ಲಿ ತಂಗಿದ್ದ 31 ಮಂದಿ ರೋಗಿಗಳನ್ನು ನೋಡಿ 2002ರಲ್ಲಿ ಬರೆದದ್ದೂ ಇಲ್ಲಿ ನೆನೆಯಬೇಕಾದದ್ದು. ಅಲ್ಲಿಯ ವಾತಾವರಣದಲ್ಲಿ ಬೆದರಿಕೆ ಇರಲಿಲ್ಲ, ಆಸರೆ ಇತ್ತು. ಮನೆಯವರೊಬ್ಬರು ಜತೆಗಿರುತ್ತಿದ್ದರು, ದಿನಚರಿಯಲ್ಲಿ ಬೆಳಗಿನ ಪೂಜೆ, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಇದ್ದವು. ಆರು ವಾರಗಳ ಆಸುಪಾಸಿನಲ್ಲಿ ರೋಗಲಕ್ಷಣಗಳು ಶೇ 20ರ ಹತ್ತಿರ ತಗ್ಗಿದ್ದವು. ಭಕ್ತಿಯ ಜಾಗ ಕರುಣೆಯಿಂದ ನಡೆದುಕೊಂಡಾಗ ಮನಸ್ಸು ಸಾವರಿಸಿಕೊಳ್ಳುತ್ತದೆ. ದೇವಸ್ಥಾನವಾದರೂ ದರ್ಗಾವಾದರೂ ಅದರಲ್ಲಿ ವ್ಯತ್ಯಾಸವಿಲ್ಲ.

ಕರ್ನಾಟಕಕ್ಕೆ ಇಂಥ ದವಾ-ದುವಾ ಏರ್ಪಾಟು ಕಷ್ಟದ ಕೆಲಸವಲ್ಲ. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದೇ 1985ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಬಳ್ಳಾರಿಯ ಪ್ರಯೋಗ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ತಪಾಸಣೆ ಇದೆ. ಈ ಮಂಗಳವಾರದ ವಿಷಯ ಎಷ್ಟು ಇಮಾಮರಿಗೆ, ಎಷ್ಟು ಮುಜಾವರರಿಗೆ ಗೊತ್ತು? ಶುಕ್ರವಾರದ ಜುಮಾ ಖುತ್ಬಾದಲ್ಲಿ (ಪ್ರವಚನದಲ್ಲಿ) ಒಂದು ಸಲ ಹೇಳಿದರೆ ಊರಿಗೆಲ್ಲ ತಿಳಿಯುತ್ತದೆ. ಕಲಬುರಗಿಯಲ್ಲಿ ಬಂದೇನವಾಜರ ಉರುಸಿಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಅವರಲ್ಲಿ ಮನಸ್ಸು ಕೆಟ್ಟ ಮಗನನ್ನೋ ಮಗಳನ್ನೋ ಕರೆತಂದವರೂ ಇರುತ್ತಾರೆ. ಅದೇ ಊರಿನಲ್ಲಿ, ಅದೇ ಖ್ವಾಜಾರ ಹೆಸರಿನಲ್ಲಿ, ದರ್ಗಾದ ಸಜ್ಜಾದಾ ಮನೆತನ ಕಟ್ಟಿದ ಸಂಸ್ಥೆಯ ವೈದ್ಯಕೀಯ ಕಾಲೇಜು 2000ದಿಂದ ನಡೆಯುತ್ತಿದೆ, ಆಸ್ಪತ್ರೆಯೂ ಇದೆ. ಉರುಸಿನ ದಿನಗಳಲ್ಲಿ ದರ್ಗಾದ ಅಂಗಳದ ಒಂದು ಬದಿಯಲ್ಲಿ ಮನೋವೈದ್ಯರ ಮೇಜು ಹಾಕಿ, ಕನ್ನಡ ಮತ್ತು ಉರ್ದು ಬಲ್ಲ ಇಬ್ಬರು ದಾದಿಯರನ್ನು ಕೂರಿಸಿ, ಫಾತಿಹಾ ಮುಗಿಸಿ ಬರುವವರನ್ನು ಮುಜಾವರರೇ ಅಲ್ಲಿಗೆ ಕಳಿಸಿಕೊಡುವ ಏರ್ಪಾಟನ್ನು ಮುಂದಿನ ಉರುಸಿಗೇ ಮಾಡಬಹುದು.